ಒಂದು ಪರದೆ, ಎರಡು ಬಾಯಿ

ಮೊದಲ ಪ್ರಶ್ನೆಯನ್ನು ಇಬ್ಬರೂ ಒಟ್ಟಿಗೇ ಓದಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ.

ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಸ್ಕ್ರೀನ್ ರೀಡರ್ ಗಟ್ಟಿಯಾಗಿ ಓದುತ್ತದೆ. ನಾನು ಕೇಳಿಸಿಕೊಂಡು ಕೀಲಿ ಒತ್ತುತ್ತೇನೆ. ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಗೆಳೆಯ ನಿಶಾಂತ್ ನಿನ್ನೆ ಹೊಸ ರೀಡರ್ ಹಾಕಿಕೊಟ್ಟು, "ಹಳೇದನ್ನ ತೆಗೆದ್ಬಿಡ್ಲಾ?" ಎಂದಿದ್ದ. "ಇರ್ಲಿ ಬಿಡು ಮಗಾ, ಸ್ಪೇರ್‌ಗೆ" ಎಂದವನು ನಾನೇ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಕೆಟ್ಟ ಮಿಕ್ಸಿಯನ್ನೂ ಯಾರೂ ಎಸೆದಿಲ್ಲ. ಪರೀಕ್ಷೆಯ ಪುಟ ಪರದೆ ತುಂಬ ತೆರೆದುಕೊಂಡದ್ದೇ ತಡ, ಮಲಗಿದ್ದ ಹಳೆಯದೂ ಎದ್ದು ಕೂತಿತು.

ಬ್ಯಾಂಕಿನಲ್ಲಿ ಒಂಬತ್ತು ವರ್ಷದಿಂದ ಟೆಲಿಫೋನ್ ಆಪರೇಟರ್ ನಾನು. ಗುಮಾಸ್ತನಾಗಲು ಇದೇ ಕೊನೆಯ ಅವಕಾಶ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ನಲವತ್ತು ಪ್ರಶ್ನೆ, ನಲವತ್ತು ನಿಮಿಷ, ಪಾಸಿಗೆ ಮೂವತ್ತು. ಪುಟ ಬಿಟ್ಟು ಕದಲಿದರೆ ಅನರ್ಹ. ಎರಡು ರೀಡರುಗಳಲ್ಲಿ ಒಬ್ಬರನ್ನು ನಿಲ್ಲಿಸಲು ಪುಟ ಬಿಡಲೇಬೇಕು. ಬಾಯಿ ಮುಚ್ಚಿಸುವ ಕೀಲಿ ಇಬ್ಬರಿಗೂ ಒಂದೇ: ಒತ್ತಿದರೆ ಇಬ್ಬರೂ ಗಪ್‌ಚುಪ್, ಬಿಟ್ಟರೆ ಇಬ್ಬರದೂ ಗಲಾಟೆ.

ಹಳೆಯವನದು ಮೂಗು ಕಟ್ಟಿದ ಕಂಡಕ್ಟರನ ದನಿ, ಹೊಸಬಳದು ವಿಮಾನ ನಿಲ್ದಾಣದ ದನಿ. ಬಿಡಿಬಿಡಿಯಾಗಿ ಇಬ್ಬರನ್ನೂ ಅಣಕಿಸಬಲ್ಲೆ. ಜುಗಲ್‌ಬಂದಿಗೆ ಮಾತ್ರ ನಾನೇ ಬಂದಿ.

ಕ್ಯಾಮೆರಾದ ಆ ತುದಿಯಲ್ಲಿ ನಿಗಾ ಇಟ್ಟಿದ್ದ ಪರೀಕ್ಷಾಧಿಕಾರಿ ವಿಶಾಲಾಕ್ಷಮ್ಮ ಗದರಿದರು. "ಏನ್ರೀ ವಂಶಿ, ಯಾರ್ರೀ ಇಬ್ಬರು ಹೇಳ್ಕೊಡ್ತಿರೋದು?"

"ಇಬ್ಬರೂ ಸಾಫ್ಟ್‌ವೇರು ಮೇಡಂ. ಒಬ್ಬರನ್ನ ನಿಲ್ಲಿಸ್ಬೇಕು, ಒಂದೇ ನಿಮಿಷ ಪುಟ ಬಿಡ್ಲಾ?"

"ಬಿಟ್ರೆ ಸಿಸ್ಟಮ್ಮೇ ನಿಮ್ಮನ್ನ ಹೊರಗೆ ಹಾಕತ್ತೆ. ನನ್ನ ಕೈಲಿಲ್ಲ."

"ನೀವೇ ಓದಿಬಿಡಿ ಮತ್ತೆ."

"ಟೈಮ್ ನಡೀತಿರೋವಾಗ ನಾನು ಓದೋ ಹಾಗಿಲ್ಲ."

ಹತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ, ವೇಗ ತಗ್ಗಿಸುವ ಕೀಲಿಯನ್ನು ಸಿಟ್ಟಿಗೆ ಒತ್ತಿ ಹಿಡಿದೆ. ಇಬ್ಬರೂ ನಿಧಾನವಾದರು. ಒಂದು ಹಂತದಲ್ಲಿ ಹಳೆಯವನು ಅಲ್ಲೇ ನಿಂತ. ಅದಕ್ಕಿಂತ ನಿಧಾನ ಅವನಿಗೆ ಬರದು. ಹೊಸಬಳು ಮಾತ್ರ ಇಳಿಯುತ್ತಲೇ ಹೋಗಿ, ಮೊದಲ ಸ್ವರದಲ್ಲೇ "ಆ…" ಎಂದು ತಂಬೂರಿಯಂತೆ ಹಿಡಿದುಬಿಟ್ಟಳು. ಆ ಶ್ರುತಿಯ ಮೇಲೆ ಕಂಡಕ್ಟರನ ಮಾತು ಒಂದೊಂದಾಗಿ ಕೇಳತೊಡಗಿತು.

ಕೇಳಿತು, ಆದರೆ ಎಂಥ ನಿಧಾನ! ಉತ್ತರ ಗೊತ್ತಿದ್ದರೂ ನಾಲ್ಕರಲ್ಲಿ ಅದು ಎಷ್ಟನೆಯ ಆಯ್ಕೆಯೆಂದು ಕೇಳುವ ತನಕ ಬೆರಳು ಬಿಗಿಹಿಡಿದು ಕೂತಿರಬೇಕು. ವೇಗ ಏರಿಸಿದರೆ ಮತ್ತೆ ಸಂತೆ. ಇಪ್ಪತ್ತೊಂಬತ್ತನೆಯ ಪ್ರಶ್ನೆಗೆ ಉತ್ತರಿಸುವಷ್ಟರಲ್ಲಿ ಸಮಯ ಮುಗಿದು ಪುಟ ತಾನಾಗಿ ಮುಚ್ಚಿಕೊಂಡಿತು.

"ಇಪ್ಪತ್ತೆಂಟು ಸರಿ. ಎರಡು ಕಮ್ಮಿ ಬಂತಲ್ರೀ" ಎಂದರು ವಿಶಾಲಾಕ್ಷಮ್ಮ.

ಎರಡೂ ದನಿ ಅಡಗಿಸಿದೆ. "ಉಳಿದ ಹನ್ನೊಂದು ಏನಿದ್ವು ಮೇಡಂ? ಈಗ ಓದ್ಬಹುದಲ್ಲ?"

ಅವರು ಮೂವತ್ತನೆಯದನ್ನು ಓದಿದರು. ಆಯ್ಕೆಗೆ ಬರುವ ಮೊದಲೇ ಉತ್ತರ ಹೇಳಿದೆ. ಮೂವತ್ತೊಂದಕ್ಕೂ. ಮೂವತ್ತೆರಡನ್ನು ಓದುವಾಗ ಅವರ ದನಿ ಮೆತ್ತಗಾಯಿತು.

"ಆಗಿದ್ದನ್ನೆಲ್ಲ ವರದೀಲಿ ಬರೀತೀನಿ ವಂಶಿ. ಮೇಲಿನೋರು ಒಪ್ತಾರೋ ಇಲ್ವೋ, ನಂಗೊತ್ತಿಲ್ಲ."

"ಬರೀರಿ ಮೇಡಂ. ಮೂವತ್ಮೂರು?"

ಅವರು ಓದಿದರು.