ಸ್ಟೇರಿಂಗಿಗೆ ಸುತ್ತಿದ ಬಿಸಿ

ಸೀಟಿನ ಬಿಸಿ ಇಳೀತಾ ಇದೆ, ಮೊದಲು ಎಡತೊಡೆ, ಆಮೇಲೆ ಬಲತೊಡೆ, ಇನ್ನು ನಡುವೆ ತಟ್ಟೆಯಷ್ಟಗಲ ಉಳಿದಿದೆ, ಬೆಕ್ಕು ಎದ್ದುಹೋದ ಜಾಗದ ಹಾಗೆ — ಈ ಗಾಲ್ಫ್ ಗಾಡಿಗಳಲ್ಲಿ ಬ್ಯಾಟರಿಗಳು ಸೀಟಿನ ಕೆಳಗೇ ಇರ್ತವಲ್ಲ, ಚಾರ್ಜಿನಿಂದ ಬಿಚ್ಚಿದ ಹೊಸತರಲ್ಲಿ ಡ್ರೈವರ್ ಅನ್ನೋ ಪ್ರಾಣಿಯ ಕುಂಡೆ ಮಾತ್ರ ಸ್ವರ್ಗದಲ್ಲಿರುತ್ತೆ, ಮಿಕ್ಕಿದ್ದೆಲ್ಲ ಮಂಜಿನಲ್ಲಿ. ಅದಕ್ಕೇ ಬೆಳಿಗ್ಗೆ ಶೆಡ್ಡಿನಲ್ಲಿ ಕೊನೆಗೆ ಚಾರ್ಜ್ ಮುಗಿದ ಗಾಡಿಗೆ ಜಗಳ, ಬಿಸಿ ಸೀಟು ಹಿರಿಯರಿಗೆ ಅಂತ ಡ್ರೈವರುಗಳೇ ಮಾಡಿಕೊಂಡ ಕಾನೂನು, ಹಾಗಾಗಿ ಅದು ಯಾವಾಗಲೂ ಷಡ್ಡಕನಿಗೆ, ಹೆಂಡತಿಯ ಅಕ್ಕನ ಗಂಡನಿಗೆ, ಇವನು ಅಣ್ಣ ಅಂತಲೇ ಕರೆಯೋನಿಗೆ — ಇವತ್ತು ಮಾತ್ರ ಬಿಸಿ ಸೀಟು ಖಾಲಿ ಇತ್ತು, ಇವನು ಕೂತುಬಿಟ್ಟ, ಕೂತಾಗ ಹಾಯ್ ಅನ್ನಿಸಿತು, ಹಾಯ್ ಅನ್ನಿಸಿದ್ದಕ್ಕೆ ಛೀ ಅನ್ನಿಸಿತು, ಛೀ ಅಂದುಕೊಂಡೂ ಏಳಲಿಲ್ಲ. ಅಣ್ಣ ಎಲ್ಲಿಗೆ ಹೋದನೋ, ಇವನು ಮುಖ ತೊಳೀತಿದ್ದಾಗಲೇ ಹೊರಟುಹೋಗಿದ್ದ, ಸಿಟ್ಟಿರಬೇಕು, ಇರಲಿ, ಸಿಟ್ಟಾದರೂ ಬಿಸಿಯಾಗಿಡುತ್ತೆ.

ಪೊದೆಯ ಕಡೆ ಕೋಲು ಬಡಿಯೋ ಸದ್ದು, ಸಾಹೇಬರು ಚೆಂಡು ಹುಡುಕ್ತಾ ಇದ್ದಾರೆ, ಕ್ಲಬ್ಬಿನ ಸೆಕ್ರೆಟರಿ, ಆದರೆ ಆ ಕುತ್ತಿಗೆಯ ಉಣ್ಣೆ ಸುತ್ತುಗಳನ್ನ ನೋಡಿ ಡ್ರೈವರುಗಳೆಲ್ಲ ಮಫ್ಲರ್ ಅಂತಲೇ ಕರೆಯೋದು, ಹೋಗೋವಾಗ ಹೇಳಿಹೋದರು, ಸ್ಟೇರಿಂಗಿಗೆ ತಂತಿ ಸುತ್ತಿದ್ದು ಯಾರು ಅಂತ ಯೋಚನೆ ಮಾಡಿಟ್ಟಿರು, ಆಟ ಮುಗಿಯೋದರೊಳಗೆ ನಿನ್ನ ಬಾಯಿಂದ ಬರಬೇಕು, ಇಲ್ಲದಿದ್ದರೆ ನಿನಗೂ ನಿನ್ನ ಷಡ್ಡಕನಿಗೂ ಬಿಸಿ ಮುಟ್ಟಿಸ್ತೀನಿ. ಮುಟ್ಟಿಸಿ ಸ್ವಾಮಿ, ಈ ಚಳಿಯಲ್ಲಿ ಅದಾದರೂ ಸಿಗಲಿ. ಯಾರು ಅಂತ ಬೆರಳು ಮಾಡಿ ತೋರಿಸಬೇಕಂತೆ — ಬೆರಳು, ಅಲ್ಲೇ ಬಂತು ನೋಡು ಮತ್ತೆ, ಅಣ್ಣನ ಬೆರಳುಗಳು, ಮೊದಲು ಸೀಮೆಸುಣ್ಣದ ಹಾಗೆ ಬೆಳ್ಳಗೆ, ಆಮೇಲೆ ಶಾಯಿ ಚೆಲ್ಲಿದ ಹಾಗೆ ನೀಲಿ, ಉಣ್ಣೆ ಗ್ಲೌಸು ಹಾಕಿದರೂ ಅಷ್ಟೇ, ಗ್ಲೌಸಿನೊಳಗೆ ಸತ್ತುಕೊಂಡಿರ್ತವೆ. ಡಾಕ್ಟರು ಹೇಳಿದ್ದಂತೆ, ಚಳಿಯಲ್ಲಿ ಕೆಲಸ ಮಾಡಬೇಡಿ. ಅಣ್ಣ ಬಂದು ಅದನ್ನೇ ಹೇಳಿ ನಕ್ಕಿದ್ದ, ಚಳಿಗಾಲಕ್ಕೆ ಹೇಳಿನೋಡ್ತೀನಿ, ಅದೇ ರಜ ತಗೊಳ್ಳಲಿ ಅಂತ. ಪಕ್ಕದಲ್ಲಿ ಸಾಹೇಬರ ಚೀಲ, ಒಂದೊಂದು ಕೋಲಿನ ತಲೆಗೂ ಒಂದೊಂದು ಉಣ್ಣೆ ಟೋಪಿ, ಕುಚ್ಚು ಬೇರೆ, ಕೋಲಿಗೂ ಟೋಪಿ ಹಾಕ್ತಾರೆ, ನಮಗೂ ಟೋಪಿ ಹಾಕ್ತಾರೆ, ವ್ಯತ್ಯಾಸ ಅಂದರೆ ಕೋಲಿಗೆ ಬೆಚ್ಚಗಾಗುತ್ತೆ. ಒಂದು ಸಲ ಅಣ್ಣ ತಡೆಯಲಾರದೆ ಅಂಥ ಟೋಪಿಯೊಳಗೆ ಕೈ ತೂರಿಸಿ ಕೂತಿದ್ದ, ಬೊಂಬೆಯಾಟದವನ ಹಾಗೆ, ಮೆಂಬರೊಬ್ಬರು ನೋಡಿ ಬೈದಿದ್ದು ಅಷ್ಟಿಷ್ಟಲ್ಲ, ಆಮೇಲೆ ಆ ಟೋಪಿಯನ್ನ ಒಗೆಯೋಕೆ ಕಳಿಸಿದರು. ಒಗೆಯೋಕೆ.

ಇವನು ತಂತಿ ತಂದಿದ್ದು ಅದರ ಮಾರನೇ ದಿನವೇ. ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು, ಬೈಕಿನ ಹಿಡಿ ಬಿಸಿ ಮಾಡೋಕೆ ಸುತ್ತುತಾರಲ್ಲ, ಅದು, ಸ್ಟೇರಿಂಗಿಗೆ ಒತ್ತೊತ್ತಾಗಿ ಸುತ್ತಿ ಮೇಲೆ ಕಪ್ಪು ಟೇಪು, ನೋಡಿದರೆ ಹಳೇ ಗಾಡಿಗೆ ಮಾಡಿದ ರಿಪೇರಿ ಅಂತಲೇ ಅಂದುಕೊಳ್ಳಬೇಕು, ಹಿಡ್ಕೋ ಅಣ್ಣ ಅಂದ, ಅಣ್ಣ ಹಿಡ್ಕೊಂಡ, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಆ ಮುಖ — ಬೆರಳು ಬಂತು ಕಣೋ, ಬಂತು, ಅಂದ, ಊರಿಗೆ ಹೋಗಿದ್ದ ನೆಂಟರು ವಾಪಸ್ ಬಂದ ಹಾಗೆ. ಆದರೆ ಇವನ ತಲೆಗೆ ಅಷ್ಟು ಹೊಳೀಲಿಲ್ಲ, ಸಾಲಲ್ಲಿರೋ ಬ್ಯಾಟರಿಗಳಲ್ಲಿ ಒಂದರಿಂದಲೇ ಕನೆಕ್ಷನ್ ಎಳೆದಿದ್ದ, ಸುಲಭಕ್ಕೆ ಸಿಕ್ಕಿದ್ದು ಅದು, ಆ ಒಂದೇ ಬಡಪಾಯಿ ದಿನವೂ ಸೊರಗ್ತಾ ಬಂತು, ಮಿಕ್ಕವು ತುಂಬಿಕೊಂಡೇ ಇದ್ದವು, ಸಾಲಲ್ಲಿ ಒಂದು ಸತ್ತರೆ ಮಿಕ್ಕವೂ ನಡೆಯಲ್ಲ, ಒಂದು ಮನೆಯ ಹಾಗೆ. ಕೊನೆಗೆ ಕೈಕೊಟ್ಟಿತಲ್ಲ, ಎಲ್ಲಿ, ಏರಿನ ನಟ್ಟನಡುವೆ, ಹಿಂದಿನ ಸೀಟಲ್ಲಿ ಯಾರು, ಮಫ್ಲರ್ ಸಾಹೇಬರ ಅತ್ತೆ. ಅಣ್ಣ ತನ್ನ ಶಾಲು ಹೊದಿಸೋಕೆ ಹೋದರೆ ಆಯಮ್ಮ ವಾಸನೆ ಅಂತ ಬೇಡ ಅಂದರಂತೆ. ಮಾರನೇ ದಿನ ಅವರು ಸೀನಿದರು, ಆ ಸೀನು ಕಮಿಟಿ ಮೀಟಿಂಗಿಗೆ ಬಂತು, ಹೊಸ ಬ್ಯಾಟರಿ ಹಾಕಿಸೋವಾಗ ಟೇಪು ಬಿಚ್ಚಿಸಿದರು, ತಂತಿ ಸಿಕ್ಕಿತು, ಆ ಗಾಡಿ ಓಡಿಸ್ತಿದ್ದೋರು ಇಬ್ಬರೇ, ಬೆಳಿಗ್ಗೆ ಅಣ್ಣ, ಮಧ್ಯಾಹ್ನ ಇವನು.

ಬಿಸಿ ಈಗ ಅಂಗೈಯಷ್ಟು. ಪಕ್ಕದ ಪ್ಲಾಸ್ಟಿಕ್ ಪರದೆ ಇಳಿಸಿಕೊಳ್ಳೋಣ ಅಂದರೆ ಡ್ರೈವರ್ ಕಡೆಯದು ಸುತ್ತಿಯೇ ಇರಬೇಕಂತೆ, ಚೆಂಡು ಕಾಣಬೇಕಂತೆ, ಈ ಮಂಜಿನಲ್ಲಿ ಚೆಂಡೇನು, ಚೆಂಡು ಹೊಡೆದೋರೇ ಕಾಣಲ್ಲ. ಕೈಗಳನ್ನ ಕಂಕುಳಲ್ಲಿ ಇಟ್ಟುಕೊಂಡ — ಹೆಂಡತಿ ಬೆಳಿಗ್ಗೆ ಹೇಳಿದ್ದು ಕಿವಿಯಲ್ಲೇ ಇದೆ, ಪಿಸುಮಾತು, ಯಾಕಂದರೆ ಗೋಡೆಯಾಚೆ ಅವಳಕ್ಕ, ನೀವು ಬಾಯಿ ಬಿಡಬೇಡಿ, ಭಾವ ಆ ಬೆರಳಿಟ್ಕೊಂಡು ಇನ್ನೆಷ್ಟು ದಿನ ಓಡಿಸ್ತಾರೆ, ಇವತ್ತಲ್ಲ ನಾಳೆ ಬಿಡೋದೇ, ಇಬ್ಬರೂ ಮನೇಲಿ ಕೂತರೆ ಒಲೆ ಹೇಗೆ ಉರಿಯುತ್ತೆ, ಅಂದು, ಎದ್ದುಹೋಗಿ ಅಕ್ಕನ ತಲೆ ಬಾಚಿಕೊಟ್ಟಳು, ಸಿಕ್ಕು ಬಿಡಿಸೋವಾಗ ನೋವಾಯ್ತೇನೇ ಅಂತ ಕೇಳ್ತಾ. ಎರಡು ಸಂಸಾರ, ಒಂದು ಒಲೆ, ಒಂದು ಬಾಗಿಲು. ಹೇಳ್ತೀನಿ, ನಾನೇ ಅಂತ ಹೇಳಿಬಿಡ್ತೀನಿ, ನನಗೆ ಬೆರಳಿದೆ, ಎಲ್ಲಾದರೂ ಕೆಲಸ ಸಿಗುತ್ತೆ, ಎಲ್ಲಿ ಸಿಗುತ್ತೆ, ಚಳಿಗಾಲದಲ್ಲಿ ಯಾರು ಕರೀತಾರೆ, ಆದರೂ ಹೇಳ್ತೀನಿ, ಸಾಹೇಬರು ಬಂದು ಕೂತ ತಕ್ಷಣ, ನಾನೇ ಸಾರ್ — ಎರಡೇ ಮಾತು, ನಾಲಿಗೆ ಮೇಲೆ ಇಟ್ಟುಕೊಂಡಿದ್ದಾನೆ, ಕರಗದ ಹಾಗೆ.

ಬಂದರು. ಚೆಂಡು ಸಿಕ್ಕಿಲ್ಲ. ಗಾಡಿ ಒಂದು ಕಡೆ ವಾಲಿತು, ಫ್ಲಾಸ್ಕಿನ ಮುಚ್ಚಳ ತೆಗೆದರು, ಹಬೆ ಇವನ ಕೆನ್ನೆ ಸವರಿಕೊಂಡು ಹೋಯ್ತು, ಇವನು ಬಾಯಿ ತೆರೆದ, ಅವರು ಅಷ್ಟರಲ್ಲೇ ಶುರುಮಾಡಿದರು, ಸಾಕು ಬಿಡು ಯೋಚನೆ ಮಾಡಿದ್ದು, ನಿನ್ನನ್ನ ಸ್ವಲ್ಪ ಆಡಿಸಿನೋಡಿದೆ ಅಷ್ಟೇ, ನಿನ್ನ ಷಡ್ಡಕ ಬೆಳಿಗ್ಗೆ ಆಫೀಸಿಗೇ ಬಂದಿದ್ದ, ತಾನೇ ಸುತ್ತಿದ್ದು, ನಿನಗೆ ಗೊತ್ತೇ ಇಲ್ಲ ಅಂದ, ಕೆಲಸ ಬಿಟ್ಟ. ನಾಲಿಗೆ ಮೇಲಿದ್ದ ಎರಡು ಮಾತು ಅಲ್ಲೇ ಇವೆ. ಮಫ್ಲರ್ ಸರಿಮಾಡಿಕೊಳ್ತಾ ಸಾಹೇಬರು ಇವನ ಕಡೆ ತಿರುಗಿದರು.

ಅವನೇ ತಾನೆ?

ಹೂಂ ಸಾರ್, ಅಂತು ಬಾಯಿ. ಬಾಯೇ ಅಂದಿದ್ದು, ಇವನು ಅಂದಿದ್ದಲ್ಲ, ಬಾಯಿಗೆ ಮನೆ ಇದೆ, ಒಲೆ ಇದೆ — ಕಾಲು ಪೆಡಲ್ ಒತ್ತಿತು, ಗಾಡಿ ಸದ್ದಿಲ್ಲದೆ ಹೊರಟಿತು, ಇಳಿಜಾರು, ಒದ್ದೆ ಹುಲ್ಲು, ಸಾಹೇಬರು ಇನ್ನೂ ಮಾತಾಡ್ತಾನೇ ಇದ್ದಾರೆ, ಆದರೆ ಏನು ನಾಟಕ ನೋಡಪ್ಪ ಅವನದು, ಕ್ಲಬ್ಬಿನ ಕೋಟು ಬಿಚ್ಚಿಟ್ಟು ಹೋಗು ಅಂದರೆ ಗುಂಡಿ ಹಿಡ್ಕೊಂಡು ನಿಂತೇ ಇದ್ದ, ಬಿಚ್ಚೋಕೆ ಮನಸ್ಸೇ ಇಲ್ಲ, ನನಗೆ ಆಟಕ್ಕೆ ಹೊತ್ತಾಗ್ತಿತ್ತು, ನಾನು ಎದ್ದು ಬಂದೆ. ಮನಸ್ಸಲ್ಲ ಸಾರ್, ಮನಸ್ಸಲ್ಲ, ಅಣ್ಣನ ಕೋಟಿನ ಗುಂಡಿ ಹಾಕೋದು ನಾನು, ದಿನಾ ಬೆಳಿಗ್ಗೆ ಬಾಗಿಲ ಹತ್ತಿರ, ಸಂಜೆ ಬಿಚ್ಚೋದೂ ನಾನೇ, ಅವನು ಗಲ್ಲ ಮೇಲೆತ್ತಿಕೊಂಡು ನಿಲ್ತಾನೆ, ಮದುಮಗ ರೆಡಿ ಅಂತಾನೆ — ಇವತ್ತು ಯಾರು ಹಾಕಿದರು, ಯಾರು, ಸ್ಟೇರಿಂಗು ತಣ್ಣಗಿದೆ, ಟೇಪು ಬಿಚ್ಚಿದ ಅಂಟು ಅಂಗೈಗೆ ಹತ್ತುತಾ ಇದೆ, ಅಲ್ಲಿ ಆ ಆಫೀಸಿನಲ್ಲಿ ಕುರ್ಚಿ ಖಾಲಿ, ಅಣ್ಣ ಒಬ್ಬನೇ ನಿಂತಿದ್ದಾನೆ, ಗಲ್ಲ ಮೇಲೆತ್ತಿದ್ದಾನೆ, ಬೆಳ್ಳಗಿರೋ ಬೆರಳು ಮೇಲಿನ ಗುಂಡಿ ಹುಡುಕ್ತಾ ಇವೆ, ಸಿಕ್ಕಿತು, ಜಾರಿತು, ಮತ್ತೆ ಹುಡುಕ್ತಾ ಇವೆ, ಮೇಲಿನ ಗುಂಡಿ, ಬೆಳ್ಳಗಿರೋ ಬೆರಳು, ಮೇಲಿನ ಗುಂಡಿ