ಒಂದು ಚಮಚ ತೀರ್ಥ

ದಿನಕ್ಕೆ ಮುಕ್ಕಾಲು ಲೀಟರು ನೀರು. ಅದರ ಮೇಲೆ ತೊಟ್ಟೂ ಇಲ್ಲ. ಮೂತ್ರಪಿಂಡಗಳೆರಡೂ ಕೈಕೊಟ್ಟ ಮೇಲೆ ತಾರಾನಾಥರು ಮೂರು ವರ್ಷ ಈ ಅಳತೆಯಲ್ಲೇ ಬದುಕಿದ್ದರು. ಬಾಟಲಿಯ ಮೇಲೆ ಉಗುರುಬಣ್ಣದಿಂದ ಗೆರೆ ಎಳೆದವಳು ಹೆಂಡತಿ ಮನೋರಮಾ. ಬೆಳಗ್ಗೆ ದೇವರ ಕೋಣೆಯಿಂದ ಒಂದು ಚಮಚ ತೀರ್ಥ ತಂದುಕೊಟ್ಟು, ಅಷ್ಟೇ ನೀರನ್ನು ಬಾಟಲಿಯಿಂದ ತೆಗೆದು ತುಳಸಿಗೆ ಹಾಕುವಳು. "ದೇವರದ್ದಾದರೆ ಎಂತ? ಅದೂ ಲೆಕ್ಕಕ್ಕೆ ಉಂಟು" ಎನ್ನುವಳು.

ತನ್ನದೊಂದು ಮೂತ್ರಪಿಂಡವನ್ನು ಗಂಡನಿಗೆ ಕೊಡುವೆನೆಂದು ಅವಳು ಹಟ ಹಿಡಿದಿದ್ದಳು. ಕೊಡಬಹುದೇ ಎಂದು ನೋಡುವ ಪರೀಕ್ಷೆಯಲ್ಲಿ ಅವಳ ಹೊಟ್ಟೆಯೊಳಗಿನ ಗಡ್ಡೆ ಕಂಡಿತು. ನಾಲ್ಕೇ ತಿಂಗಳಲ್ಲಿ ಅವಳು ತೀರಿಕೊಂಡಳು. ಹೋಗಬೇಕಾದವರು ಇನ್ನಂಜೆಯ ಮನೆಯಲ್ಲಿ ಉಳಿದರು.

ಹದಿಮೂರನೆಯ ದಿನದ ಬೊಜ್ಜದ ಕ್ರಿಯೆ ಮುಗಿದು ಮಗಳು ಪ್ರಣೀತಾ ಕಾರ್ಕಳದ ಗಂಡನ ಮನೆಗೆ ಮರಳಿದಳು. ದೇವರ ಕೋಣೆಯ ಬಾಗಿಲನ್ನು ತಾರಾನಾಥರು ತೆರೆಯಲಿಲ್ಲ. ತಿಂಗಳು ಕಳೆದು ಒಂದು ಶನಿವಾರ ನಿಶ್ಚಯಿಸಿದರು: ಇನ್ನು ಡಯಾಲಿಸಿಸ್‌ಗೆ ಹೋಗುವುದಿಲ್ಲ. ಹೋಗದಿದ್ದರೆ ಹತ್ತು ದಿನ, ಹೆಚ್ಚೆಂದರೆ ಹದಿನೈದು. ಆ ಗಳಿಗೆಯಿಂದ ಚೆಂಬು ಚೆಂಬು ನೀರು ಕುಡಿದರು.

ಸೋಮವಾರ ಬೆಳಗ್ಗೆ ಮಣಿಪಾಲದ ಆಸ್ಪತ್ರೆಗೆ ಹೋಗುವ ವ್ಯಾನು ಗೇಟಿನೆದುರು ನಿಂತಿತು. ಇನ್ನು ಬರಬೇಡ ಎನ್ನಲು ಹೊರಬಂದರು. ಚಾಲಕ ಹೆರಾಲ್ಡ್ ಬಾಯಿ ತೆರೆಯಗೊಡಲಿಲ್ಲ.

"ಕಂಡಕ್ಟ್ರೇ, ಬೇಗ ಬನ್ನಿ ಮಾರಾಯ್ರೆ. ಒಂದು ಪ್ಯಾಸೆಂಜರ್ ಇಲ್ಲೇ ಇಳಿಯುತ್ತೇನೆ ಅಂತ ಕೂತಿದ್ದಾರೆ. ಮೂವತ್ತು ವರ್ಷ ಕಾರ್ಕಳ ಬಸ್ಸಿಗೆ ಜನ ತುಂಬಿಸಿದವರು ನೀವು ಅಲ್ವಾ? ನನ್ನಿಂದ ಆಗುವುದಿಲ್ಲ."

ಹಿಂದಿನ ಸೀಟಿನಲ್ಲಿ ರೇಣುಕವ್ವ ಅಳುತ್ತಿದ್ದಳು. ಕೊಪ್ಪಳದ ಕಡೆಯವಳು, ಗಾರೆ ಕೆಲಸದ ಗಂಡ ಈಶಪ್ಪನೊಂದಿಗೆ ಕಾಪುವಿನ ಶೆಡ್ಡಿನಲ್ಲಿ ವಾಸ. ಎರಡು ತಿಂಗಳಿಂದ ಇದೇ ವ್ಯಾನಿನಲ್ಲಿ ಬರುತ್ತಿದ್ದರೂ ತಾರಾನಾಥರು ಅವಳನ್ನು ಮಾತನಾಡಿಸಿದವರಲ್ಲ. ಇಷ್ಟು ದಿನ ಅವಳ ರಕ್ತ ಕುತ್ತಿಗೆಯ ನಳಿಕೆಯಿಂದ ಹೋಗಿ ಶುದ್ಧವಾಗಿ ಬರುತ್ತಿತ್ತು. ಇಂದು ಮೊದಲ ಬಾರಿ ಕೈಗೆ ಸೂಜಿ. ಅದಕ್ಕೆಂದೇ ಮೊದಲೇ ಎಡಗೈಯ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು.

"ಎಂತ ಆಯಿತಮ್ಮ?"

"ಒಲ್ಲೆನ್ರೀ ಅಣ್ಣಾರ. ಈ ಕೈಯಾಗ ಏನೋ ಹೊಕ್ಕೈತಿ. ಗುಂಯ್ ಗುಂಯ್ ಅಂತಿತ್ತು. ನಮ್ಮ ಮಂದಿ ದೆವ್ವ ಅಂದ್ರು. ದಾರ ಕಟ್ಟಿಸ್ಕೊಂಡ ಮ್ಯಾಗ ಈಗ ಸುಮ್ಮನಾಗೈತಿ, ಸೂಜಿ ಚುಚ್ಚಿದ್ರ ಮತ್ತ ಎದ್ದೀತು."

ಸೆರಗು ಸರಿಸಿದಳು. ಮೊಣಕೈಯ ಕೆಳಗೆ ಕಪ್ಪು ದಾರ, ಮಾಂಸದೊಳಗೆ ಹೂತುಹೋಗುವಷ್ಟು ಬಿಗಿಯಾಗಿ. ತಾರಾನಾಥರಿಗೆ ಗೊತ್ತು: ಆ ಸದ್ದು ಹರಿಯುವ ರಕ್ತದ್ದು. ಅದು ನಿಂತರೆ ಸೂಜಿಗೆ ದಾರಿಯೇ ಇಲ್ಲ. ನೀರಿಳಿದು ಬಾತ ಕಾಲುಗಳನ್ನು ಎಳೆಯುತ್ತಾ ಒಳಗೆ ಓಡಿದರು. ಮನೋರಮೆಯ ಹೊಲಿಗೆ ಡಬ್ಬಿಯಿಂದ ಕತ್ತರಿ ತಂದು ದಾರವನ್ನು ಕತ್ತರಿಸಿದರು. ಬೆರಳಿಟ್ಟರು. ಏನೂ ಇಲ್ಲ. ಕಣ್ಣುಮುಚ್ಚಿ ಎಣಿಸತೊಡಗಿದರು. ಇಪ್ಪತ್ತು ದಾಟಿದ ಮೇಲೆ, ಕೊಡದೊಳಗೆ ಸಿಕ್ಕಿದ ಜೇನುನೊಣದಂತೆ, ಸಣ್ಣದಾಗಿ ಅದು ಎದ್ದಿತು.

ತಮ್ಮ ಎಡಗೈ ಚಾಚಿದರು. "ಮುಟ್ಟಿ ನೋಡಿ."

ರೇಣುಕವ್ವ ಮುಟ್ಟಿ, ಬೆಚ್ಚಿ, ಮತ್ತೆ ಮುಟ್ಟಿದಳು. "ಯವ್ವಾ, ನಿಮಗೂ ಐತೇನ್ರೀ!"

"ಮೂರು ವರ್ಷದಿಂದ ಉಂಟು. ನನ್ನ ಹೆಂಡತಿ ಕಿವಿಯಿಟ್ಟು ಕೇಳುವವಳು. ನಿಮ್ಮ ಬಸ್ಸು ಇನ್ನೂ ಸ್ಟಾರ್ಟಿನಲ್ಲೇ ಉಂಟು ಎನ್ನುವವಳು. ಇದು ನಿಂತರೆ ಹೆದರಬೇಕು, ಇದ್ದರೆ ಅಲ್ಲ."

"ಸೂಜಿ ನೋಯತೈತೇನ್ರೀ?"

"ನೋಯುತ್ತದೆ. ಸುಳ್ಳು ಎಂತಕ್ಕೆ?"

"ಹಂಗಾರ ನೀವು ಬಾಜೂಕ ಇರ್ರಿ."

ತಾರಾನಾಥರು ಕತ್ತರಿ ಕೈಯಲ್ಲಿರುವಂತೆಯೇ ವ್ಯಾನು ಹತ್ತಿದರು.

ತೂಕ ನೋಡಿದ ನರ್ಸ್ ಸೆಲೀನ್ ಹೌಹಾರಿದಳು. "ನಾಲ್ಕು ಕಿಲೋ ಹೆಚ್ಚು! ಬಾವಿಗೆ ಹಾರಿದ್ದಿರಾ ಎಂತ?"

ಸೂಜಿ ಇಳಿದಾಗ ರೇಣುಕವ್ವ ತುಟಿ ಕಚ್ಚಿದಳು, ಕೂಗಲಿಲ್ಲ. ಕೂಗಿದವರು ತಾರಾನಾಥರು. ಎರಡು ದಿನ ಕುಡಿದದ್ದನ್ನೆಲ್ಲ ಯಂತ್ರ ಹಿಂಡಿ ತೆಗೆಯುವಾಗ ಕಾಲಿನ ಮಾಂಸಖಂಡಗಳು ಕಲ್ಲಾಗಿ ಸೆಟೆದವು. ಧೈರ್ಯ ಹೇಳಬಂದವರು ಮಗುವಿನಂತೆ ಅರಚಿದರು. ಎಡಗಡೆಯ ಮಂಚದಿಂದ ರೇಣುಕವ್ವ ಸೂಜಿಯಿಲ್ಲದ ಕೈಯನ್ನು ಅವರತ್ತ ಚಾಚಿದಳು. ಅದು ಮುಟ್ಟಲಿಲ್ಲ, ನಡುವೆ ಒಂದು ಮೊಳ ಉಳಿಯಿತು. ಅವರ ಎಡಗೈ ಅಲುಗುವಂತಿರಲಿಲ್ಲ. ಮುಟ್ಟದೆಂದು ತಿಳಿದೂ ಅವಳು ಕೈಯನ್ನು ಹಿಂದೆಗೆಯಲಿಲ್ಲ.

"ತಡಕೋರಿ ಅಣ್ಣಾರ, ತಡಕೋರಿ."

ಅವರು ಆ ಬರಿಗೈಯನ್ನೇ ನೋಡುತ್ತಾ ತಡೆದುಕೊಂಡರು.

ಸಂಜೆ ಅವರು ಗೇಟಿನಲ್ಲಿ ಇಳಿಯುವಾಗ ಅವಳು ಕೇಳಿದಳು: "ಬುಧವಾರ ಬರ್ತೀರಲ್ರೀ?"

ತಾರಾನಾಥರು ಗೇಟಿನ ಚಿಲಕ ತೆಗೆದರು. "ಬರುತ್ತೇನೆ."

ಮರುದಿನ ಬೆಳಗ್ಗೆ ದೇವರ ಕೋಣೆಯ ಬಾಗಿಲು ತೆರೆದರು. ಬೇಡಲು ಏನೂ ಇರಲಿಲ್ಲ. ಮನೋರಮಾ ಬರುವುದಿಲ್ಲ, ಮೂತ್ರಪಿಂಡವೂ ಬರುವುದಿಲ್ಲ. ದೀಪ ಹಚ್ಚಿ ಒಂದು ಚಮಚ ತೀರ್ಥ ತೆಗೆದುಕೊಂಡರು. ಬಾಟಲಿಯನ್ನು ಗೆರೆಯವರೆಗೆ ತುಂಬಿ, ತುಳಸಿಗೆ ಹಾಕಲು ಅದರಿಂದ ಒಂದು ಚಮಚ ತೆಗೆಯಹೋದರು. ಬಾಟಲಿ ವಾಲಿ ನೀರು ಚೆಲ್ಲಿತು. ಎಷ್ಟು ಚೆಲ್ಲಿತೆಂದು ತಿಳಿಯಲಿಲ್ಲ. ಬಾಟಲಿಯನ್ನು ಬರಿದುಮಾಡಿ, ಮೊದಲಿನಿಂದ ಅಳೆಯತೊಡಗಿದರು.