ಗೋಧಿ ಹೊಲದ ಮೇಲೆ ಎರಡು ನೆರಳು

ಭಾನುವಾರ ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ವರ್ನಾ ಕುಚೇರಾ ತನ್ನ ಗಂಡನನ್ನು ಮೊದಲ ಸಲ ನೆಲ ಬಿಡಿಸಿದಳು. ಪೈಲಟ್ ಪರವಾನಗಿ ಅವಳ ಕೈಗೆ ಬಂದು ಹತ್ತೊಂಬತ್ತು ದಿನವಾಗಿತ್ತು. ವಯಸ್ಸು ಐವತ್ತೇಳು, ವಾರಕ್ಕೆ ಐದು ದಿನ ಶಾಲೆಯ ಬಸ್ಸು ಓಡಿಸುವ ಕೆಲಸ.

ಲೀಲ್ಯಾಂಡ್ ಒಪ್ಪಿದ್ದು ಷರತ್ತಿನ ಮೇಲೆ. ಪ್ಲಮ್ ಫೋರ್ಕ್‌ನ ಪ್ಯಾನ್‌ಕೇಕ್ ತಿಂಡಿಕೂಟಕ್ಕೆ ಹೋಗುವುದು ವಿಮಾನದಲ್ಲಿ. ಬರುವಾಗ ಮನಸ್ಸಿದ್ದರೆ ವಿಮಾನ, ಇಲ್ಲದಿದ್ದರೆ ಅಲ್ಲಿಗೆ ರಸ್ತೆಯಲ್ಲಿ ಬರುವ ಅವನ ತಮ್ಮ ಎಮೆಟ್‌ನ ಪಿಕಪ್. ಪಿಕಪ್ ಹತ್ತಿದನೆಂದರೆ ವರ್ನಾ ಮತ್ತೆಂದೂ ಅವನನ್ನು ಕರೆಯಕೂಡದು. ಎರಡು ವರ್ಷ ಅವಳು ಕಲಿತದ್ದೇ ಬಲಗಡೆಯ ಆ ಸೀಟಿನಲ್ಲಿ ಇವನನ್ನು ಕೂರಿಸಿಕೊಂಡು ನೆಬ್ರಾಸ್ಕಾದ ಮೇಲೆಲ್ಲ ಸುತ್ತಬೇಕೆಂದು. ಒಂಟಿಯಾಗಿ ಹಾರುವುದು ಅವಳಿಗೆ ಬೇಕಿರಲಿಲ್ಲ.

"ಸುಮ್ನೆ ಕೂತ್ರೆ ಹೆದರಿಕೆ ಆಗುತ್ತೆ, ಕೆಲಸ ಮಾಡು" ಎಂದಳು ಅವಳು. "ವಿಮಾನದ ಮೂಗು ಹನ್ನೆರಡು ಗಂಟೆ. ನಿನ್ನ ಬಲ ಭುಜ ಮೂರು. ಏನಾದ್ರೂ ಹಾರೋದು ಕಂಡ್ರೆ ಗಂಟೆ ಹೇಳಿ ಕೂಗು."

ಕೂಗುವುದನ್ನು ಲೀಲ್ಯಾಂಡ್‌ಗೆ ಯಾರೂ ಕಲಿಸಬೇಕಿರಲಿಲ್ಲ. ದನಗಳ ಹರಾಜಿನಲ್ಲಿ ಮೂವತ್ತನಾಲ್ಕು ವರ್ಷ ಅಂಕಣದೊಳಗೆ ನಿಂತು ಬಿಡ್ ಹಿಡಿದವನು. ಮುನ್ನೂರು ಜನರ ನಡುವೆ ಯಾವನೋ ಒಬ್ಬ ಟೋಪಿಯ ಅಂಚು ಮುಟ್ಟಿದರೆ, ಹುಬ್ಬು ಕೊಂಕಿಸಿದರೆ, ಇವನು ಕೈ ಚಾಚಿ "ಯೆಪ್!" ಎಂದು ಅರಚುತ್ತಿದ್ದ. ಅದೇ ಅವನ ಕಸುಬು.

"ಯೆಪ್! ಎರಡು ಗಂಟೆ!"

ಹೆಡ್‌ಸೆಟ್ಟಿನೊಳಗೆ ವರ್ನಾಳ ಕಿವಿ ಗುಂಯ್ ಎಂದಿತು. "ಅದು ಗಿಡುಗ, ಲೀ."

"ಹಾರ್ತಿದೆ ತಾನೇ? ಯೆಪ್! ಹನ್ನೊಂದು!"

"ಅದು ನೀರಿನ ಟ್ಯಾಂಕ್!"

"ಅಲುಗಾಡ್ತಾನೇ ಇಲ್ಲ, ಅದಕ್ಕೇ ಅನುಮಾನ ಬಂತು."

"ಅನುಮಾನವೇನೋ ಸರಿ. ನಮಗೆ ಡಿಕ್ಕಿ ಹೊಡೆಯೋ ವಿಮಾನ ಕಿಟಕೀಲಿ ಅಲುಗಾಡಲ್ಲ. ಇದ್ದ ಕಡೇನೇ ಇದ್ದು ದೊಡ್ಡದಾಗ್ತಾ ಬರುತ್ತೆ."

"ಇದನ್ನ ನೆಲದ ಮೇಲಿದ್ದಾಗ ಹೇಳಬೇಕಿತ್ತು, ಮಾರಾಯ್ತಿ!"

ಇಬ್ಬರೂ ನಕ್ಕರು. ನಗು ನಿಲ್ಲಲಿಲ್ಲ. ಗುಳ್ಳೆ ಎದ್ದ ಸೋಡಾದ ಹಾಗೆ ವರ್ನಾಳ ಎದೆ ಉಕ್ಕುತ್ತಿತ್ತು: ಇವನು ನಗುತ್ತಿದ್ದಾನೆ, ಎರಡು ಸಾವಿರ ಅಡಿ ಎತ್ತರದಲ್ಲಿ!

ಪ್ಲಮ್ ಫೋರ್ಕ್‌ನದು ಹುಲ್ಲಿನ ಪಟ್ಟಿ, ಗೋಪುರವಿಲ್ಲ, ಇಳಿಸುವವರಿಲ್ಲ. ಬಂದವರು ತಾವೆಲ್ಲಿದ್ದೇವೆಂದು ರೇಡಿಯೋದಲ್ಲಿ ಹೇಳಿಕೊಂಡು ಸರದಿಯಲ್ಲಿ ಇಳಿಯುತ್ತಾರೆ. ವರ್ನಾಳೂ ಹೇಳಿದಳು. ಪಟ್ಟಿಯ ಪೂರ್ವಕ್ಕೆ ಉತ್ತರಮುಖವಾಗಿ ಸಾಗಿ, ಪಟ್ಟಿಯ ತುದಿ ದಾಟಿದ ಮೇಲೆ ಎಡಕ್ಕೆ ತಿರುಗಿ ಪಶ್ಚಿಮಕ್ಕೆ ಮುಖಮಾಡಿದಳು. ಇನ್ನೊಂದು ಎಡ ತಿರುವು, ಆಮೇಲೆ ನೇರ ಪಟ್ಟಿ. ಮಡಿಲ ಮೇಲಿನ ಟ್ಯಾಬ್ಲೆಟ್ ಸುತ್ತಮುತ್ತಲಿನ ವಿಮಾನಗಳನ್ನು ತೋರಿಸುತ್ತಿತ್ತು. ಒಂದು ಮುಂದೆ ಇಳಿದಾಗಿತ್ತು. ಹತ್ತಿರ ಬೇರೆ ಯಾವುದೂ ಇರಲಿಲ್ಲ. ಅವಳು ಮತ್ತೊಮ್ಮೆ ನೋಡಿದಳು. ಖಾಲಿ. ನಿಶ್ಚಿಂತೆಯಿಂದ ಇಳಿಯತೊಡಗಿದಳು: ಎಂಟುನೂರು ಅಡಿ, ಏಳುನೂರು, ಆರುನೂರು.

"ಯೆಪ್! ಒಂದು ಗಂಟೆ, ಕೆಳಗೆ!"

"ಟ್ರ್ಯಾಕ್ಟರ್ ಇರಬೇಕು."

"ನೆರಳು ಕಣೇ! ಗೋಧಿ ಹೊಲದ ಮೇಲೆ. ಒಂದು ನಮ್ಮದು. ಇನ್ನೊಂದು ಯಾರದ್ದು?"

ವರ್ನಾ ತಲೆ ಎತ್ತಿದಳು. ಬೆಳಗಿನ ಬಿಸಿಲಿಗೆ ಮುಂದಿನ ಹೊಲದ ಮೇಲೆ ಎರಡು ಶಿಲುಬೆಗಳು ಜಾರುತ್ತಿದ್ದವು, ಒಂದರತ್ತ ಒಂದು. ಆಕಾಶದಲ್ಲಿ ಎರಡನೆಯ ವಿಮಾನ ಎಲ್ಲೂ ಇಲ್ಲ. ಟ್ಯಾಬ್ಲೆಟ್ಟಿನಲ್ಲೂ ಇಲ್ಲ.

ಆಮೇಲೆ ಯೋಚಿಸಿದರಾಯಿತೆಂದು ಅವಳ ಕೈಯೇ ತೀರ್ಮಾನಿಸಿತು. ವೇಗದ ಹಿಡಿ ಪೂರ್ತಿ ಮುಂದಕ್ಕೆ, ಮೂಗು ಮೇಲಕ್ಕೆ. ಬಲರೆಕ್ಕೆಯನ್ನು ಸ್ವಲ್ಪ ಬಾಗಿಸಿ ಅದರ ಮೇಲಿಂದ ಇಣುಕಿದಳು. ರೆಕ್ಕೆ ಮುಚ್ಚಿಟ್ಟಿದ್ದ ಜಾಗದಲ್ಲಿ, ಇನ್ನೂರು ಅಡಿಯಷ್ಟು ಕೆಳಗೆ, ಸಾಸಿವೆ ಹೂವಿನಂಥ ಹಳದಿಯ ಒಂದು ಹಳೆಯ ಕಬ್ ವಿಮಾನ ಉತ್ತರದಿಂದ ನೇರವಾಗಿ ಪಟ್ಟಿಯತ್ತ ಆರಾಮವಾಗಿ ಹೋಗುತ್ತಿತ್ತು. ಅದರ ರೆಕ್ಕೆ ಪೈಲಟ್ಟಿನ ತಲೆಯ ಮೇಲೆ. ಇವಳ ಚೆರೋಕಿಯದು ಸೀಟಿನ ಕೆಳಗೆ. ಇಬ್ಬರಿಗೂ ಇನ್ನೊಬ್ಬರು ಕಾಣುವ ಹಾಗಿರಲಿಲ್ಲ.

"ಪ್ಲಮ್ ಫೋರ್ಕ್, ಚೆರೋಕಿ ಮತ್ತೊಂದು ಸುತ್ತು ಹೊಡೀತಿದೆ" ಎಂದು ರೇಡಿಯೋಗೆ ಹೇಳಿದಳು. ದನಿ ನಡುಗಲಿಲ್ಲ.

ಎರಡನೆಯ ಸುತ್ತಿನಲ್ಲಿ ಅವಳು ಟ್ಯಾಬ್ಲೆಟ್ಟನ್ನು ಹಿಂದಿನ ಸೀಟಿಗೆ ಎಸೆದು, ಹೊರಗೆ ನೋಡಿಕೊಂಡೇ ಇಳಿದಳು.

ಕಬ್‌ನ ಮಾಲೀಕ ಮೈಲೋ ಸ್ಟೇಸ್ಕಲ್, ಎಂಬತ್ತೊಂದರ ಮುದುಕ, ಆಗಲೇ ತಟ್ಟೆ ತುಂಬಿಸಿಕೊಂಡು ಮೇಜಿನ ಮುಂದೆ ಕೂತಿದ್ದ. ಅವನ ವಿಮಾನದಲ್ಲಿ ವಿದ್ಯುತ್ತೇ ಇರಲಿಲ್ಲ. ಹಾಗಾಗಿ ರೇಡಿಯೋ ಇಲ್ಲ, ಪರದೆಗಳಿಗೆ ಸುಳಿವು ಕೊಡುವ ಪೆಟ್ಟಿಗೆಯೂ ಇಲ್ಲ.

"ಸುತ್ತಿನೊಳಗೆ ಸೇರಿಕೊಂಡು ಬರೋಕೆ ನಿನಗೇನು ರೋಗ, ಮೈಲೋ?" ಎಂದ ಲೀಲ್ಯಾಂಡ್. "ನನ್ನ ಹೆಂಡತಿ ನಿನ್ನ ತಲೆ ಮೇಲೆ ಇಳಿಯೋಳಿದ್ಲು."

ಮೈಲೋನ ಚಮಚ ನಿಂತಿತು. "ನೇರ ಬಂದ್ರೆ ಪ್ಯಾನ್‌ಕೇಕ್ ಬಿಸಿ ಇರುತ್ತೆ ಅಂತ..." ಎಂದವನು ವರ್ನಾಳತ್ತ ತಿರುಗಿದ. "ತಪ್ಪಾಯ್ತು ತಾಯಿ. ಸುತ್ತು ಹಾಕಬೇಕಿತ್ತು."

"ನನ್ನದೂ ತಪ್ಪೇ" ಎಂದಳು ವರ್ನಾ. "ನಾನು ಮಡಿಲು ನೋಡ್ತಾ ಇಳೀತಿದ್ದೆ. ಆಕಾಶ ನೋಡಿದ್ದು ಇವರು."

ಸತ್ಯ ಹೇಳಿದ ಮೇಲೆ ಅವಳು ಗಂಡನ ಮುಖ ನೋಡಲಿಲ್ಲ. ಎಮೆಟ್ ಕೀಲಿ ಅಲ್ಲಾಡಿಸುತ್ತ ಬಂದ. "ಏನಣ್ಣಾ, ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿದೆ! ಪಿಕಪ್ ನೆರಳಲ್ಲೇ ನಿಲ್ಲಿಸಿದ್ದೀನಿ. ಏಸಿ ಉಂಟು, ನೆಲ ಉಂಟು."

ಲೀಲ್ಯಾಂಡ್ ಸಾಸೇಜು ಅಗಿದು ಮುಗಿಸುವವರೆಗೆ ಎಲ್ಲರೂ ಕಾದರು.

"ಮೂವತ್ತನಾಲ್ಕು ವರ್ಷ ಕೂಗಿದ್ದೀನಿ" ಎಂದ ಕೊನೆಗೆ. "ಒಂದ್ಸಲಾನಾದ್ರೂ ಒಬ್ಬನ ಪ್ರಾಣ ಉಳಿದಿತ್ತೇನೋ? ಇವತ್ತು ಒಂದೇ ಕೂಗಿಗೆ ಮೂರು. ನೀನು ಹೊರಡು ಎಮೆಟ್. ಇವಳೊಬ್ಬಳನ್ನೇ ಕಳಿಸಿದ್ರೆ ಬಲಗಡೆ ನೋಡೋರು ಯಾರು?"

ವರ್ನಾ ನಗಲು ಹೋಗಿ ಕಾಫಿ ನೆತ್ತಿಗೇರಿಸಿಕೊಂಡಳು. ಮೈಲೋ ಅವಳ ಬೆನ್ನು ತಟ್ಟಿದ. ಕೆಮ್ಮಿನ ನಡುವೆಯೇ ಅವಳು ಮತ್ತೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಇಬ್ಬರೂ ಹೊರಟರು. ಮನೆ ತಲುಪಲು ಮೂವತ್ತೊಂದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಲೀಲ್ಯಾಂಡ್ ಹದಿನಾಲ್ಕು ಸಲ ಕೂಗಿದ. ಅವುಗಳಲ್ಲಿ ಮೂರು ವಿಮಾನಗಳಾಗಿದ್ದವು.